ಮಿರ್ಚಿ ಎಣ್ಣೆ ಕುಡಿದ ಕಾರಿನ ಬಿಡುಗಡೆ ಕುರಿತು

ಇಂದ,
ಮೈಲಾರಿ, ವಯಸ್ಸು ನಲವತ್ತೇಳು,
ಹಿಂದೆ ಟ್ರ್ಯಾಕ್ಟರ್ ಮೆಕ್ಯಾನಿಕ್, ಕಳೆದ ವಾರದವರೆಗೆ ಒಂದು ಹಳೇ ಡೀಸೆಲ್ ಕಾರಿನ ಮಾಲೀಕ,
ಕೆರೆಬಿಳಚಿ, ಚನ್ನಗಿರಿ ತಾಲ್ಲೂಕು.

ಗೆ,
ಮಾನ್ಯ ಮುಖ್ಯಾಧಿಕಾರಿಗಳು,
ಪರ್ಯಾಯ ಇಂಧನ ಪ್ರೋತ್ಸಾಹ ಹಾಗೂ ಪ್ರತಿಬಂಧಕ ಕೋಶ
(ಎರಡಕ್ಕೂ ಒಂದೇ ಕೊಠಡಿ).

ವಿಷಯ: ಮಿರ್ಚಿ ಕರಿದ ಎಣ್ಣೆಯಲ್ಲಿ ಓಡಿದ ಕಾರಣಕ್ಕೆ ಜಪ್ತಿಯಾದ ನನ್ನ ಕಾರನ್ನು ಶುಕ್ರವಾರದೊಳಗೆ ಬಿಟ್ಟುಕೊಡುವ ಬಗ್ಗೆ.

ಉಲ್ಲೇಖ:
1. ಜಗಳೂರಿನ ಶಿಬಿರದಲ್ಲಿ ತಮ್ಮ ಕೋಶವು ನನಗೆ ನೀಡಿದ 'ಹಸಿರು ಇಂಧನ ಸಾಧಕ' ಪ್ರಮಾಣಪತ್ರ. ಸಹಿ: ಶ್ರೀ ಪ್ರವೀಣ್ ಕುಮಾರ್, ಇನ್ಸ್‌ಪೆಕ್ಟರ್.
2. ತ್ಯಾವಣಿಗೆ ಬಳಿ ಬರೆದ ಜಪ್ತಿ ಪಂಚನಾಮೆ. ಸಹಿ: ಅದೇ ಪ್ರವೀಣ್ ಕುಮಾರ್.
3. ತಮ್ಮ ಕಚೇರಿಯ ಬಿಡುಗಡೆ ಷರತ್ತುಗಳ ಪತ್ರ.

ಮಾನ್ಯರೇ,

ಮೇಲ್ಕಂಡ ವಿಷಯದಲ್ಲಿ ತಮ್ಮ ಸನ್ನಿಧಾನಕ್ಕೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ನನ್ನ ಹೆಂಡತಿ ಜ್ಯೋತಿಲಕ್ಷ್ಮಿ ಊರಿನ ಬಸ್ ನಿಲ್ದಾಣದಲ್ಲಿ ಮಿರ್ಚಿ ಅಂಗಡಿ ಇಟ್ಟಿದ್ದಾಳೆ. ನಮ್ಮ ಕಡೆ ಮಂಡಕ್ಕಿ, ಮಿರ್ಚಿ ಇಲ್ಲದೆ ಸಂಜೆ ಆಗುವುದಿಲ್ಲ ಎಂಬುದು ತಮಗೂ ಗೊತ್ತು. ತಮ್ಮ ಕಚೇರಿಯ ಮೀಟಿಂಗುಗಳೂ ಅದಿಲ್ಲದೆ ಮುಗಿಯುವುದಿಲ್ಲ. ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಜನರ ಹೊಟ್ಟೆಗೆ ಹಾಕಬಾರದೆಂದು ಸರ್ಕಾರವೇ ಹೇಳುತ್ತದೆ. ಕಾರಣ, ನಾನು ಅದನ್ನು ಕಾರಿನ ಹೊಟ್ಟೆಗೆ ಹಾಕಿದೆ. ಕಡಿಮೆ ಬಿದ್ದದ್ದನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಅಂಗಡಿಗಳಿಂದ ತಂದು, ವಾರಗಟ್ಟಲೆ ತಿಳಿಯಾಗಲು ಬಿಟ್ಟು, ಹಳೇ ಪಂಚೆಯಲ್ಲಿ ಮೂರು ಸಲ ಸೋಸುತ್ತಿದ್ದೆ.

2. ಇದಕ್ಕೊಂದು ಕ್ರಮವಿದೆ, ದಯವಿಟ್ಟು ಗಮನವಿಟ್ಟು ಓದಬೇಕು. ಕಾರಿಗೆ ಎರಡು ಟ್ಯಾಂಕು. ಹೊರಡುವಾಗ ಡೀಸೆಲ್. ಇಂಜಿನ್ ಕಾದ ಮೇಲೆ ಎಣ್ಣೆ. ನಿಲ್ಲಿಸುವ ಐದು ನಿಮಿಷ ಮುಂಚೆ ಮತ್ತೆ ಡೀಸೆಲ್ಲಿಗೆ ತಿರುಗಿಸಿ ಪೈಪು, ಪಂಪು ಎಲ್ಲ ತೊಳೆದುಕೊಳ್ಳಬೇಕು. ತೊಳೆಯದೆ ಆರಿಸಿದರೆ ಎಣ್ಣೆ ಚಳಿಗೆ ಹೆಪ್ಪುಗಟ್ಟಿ, ಆಮೇಲೆ ಗೋಂದಾಗಿ ಕೂರುತ್ತದೆ. ಉಂಡವನು ಕೈ ತೊಳೆಯುವಷ್ಟೇ ಸರಳ ವಿಷಯ.

3. ಈ ಕಾರಿನಲ್ಲಿ ನಾನು ಮದುವೆ ದಿಬ್ಬಣ ಸಾಗಿಸುತ್ತಿರಲಿಲ್ಲ. ನನ್ನ ಅಕ್ಕ ತಿಪ್ಪಮ್ಮನಿಗೆ ಎರಡೂ ಕಿಡ್ನಿ ಹೋಗಿವೆ. ಮಂಗಳವಾರ ಮತ್ತು ಶುಕ್ರವಾರ ದಾವಣಗೆರೆಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕು. ಬರೀ ಡೀಸೆಲ್ಲಿನಲ್ಲಿ ವಾರಕ್ಕೆರಡು ಸಲ ಹೋಗಿಬರುವುದು ನನ್ನ ಕೈಲಾಗದ ಮಾತು. ಆದ್ದರಿಂದ ಎಣ್ಣೆ. ಎರಡು ವರ್ಷ ಒಂದು ದಿನವೂ ತಪ್ಪಿರಲಿಲ್ಲ.

4. ತಮ್ಮ ಜಗಳೂರು ಶಿಬಿರಕ್ಕೆ ನನ್ನನ್ನು ಕರೆಸಿಕೊಂಡವರು ತಾವೇ. ಅಲ್ಲಿ ಶ್ರೀ ಪ್ರವೀಣ್ ಕುಮಾರ್ ಅವರು ನನ್ನ ಬಾನೆಟ್ಟಿನ ಮೇಲೆ ಕೈಯಿಟ್ಟು ಫೋಟೊ ಹೊಡೆಸಿಕೊಂಡು, "ನಿಮ್ಮಂಥೋರು ಊರಿಗೊಬ್ರು ಇರ್ಬೇಕು ಕಣ್ರೀ" ಎಂದು ಶಾಲು ಹೊದಿಸಿದರು. ಕಾರಿಗೆ ಏನು ಕುಡಿಸುತ್ತೇನೆ, ಯಾವ ದಾರಿಯಲ್ಲಿ, ಯಾವ ವಾರ ಓಡಾಡುತ್ತೇನೆ ಎಂಬುದನ್ನೆಲ್ಲ ತಮ್ಮ ಇಲಾಖೆಗೆ ತಿಳಿಸಿದ ಚಾಡಿಕೋರ ಬೇರೆ ಯಾರೂ ಅಲ್ಲ. ನಾನೇ, ಮೈಕಿನಲ್ಲಿ.

5. ಹದಿನೈದು ದಿನ ಬಿಟ್ಟು, ಒಂದು ಮಂಗಳವಾರ, ಅಕ್ಕನನ್ನು ವಾಪಸು ಕರೆತರುವಾಗ ತ್ಯಾವಣಿಗೆ ಬಳಿ ಅದೇ ಸಾಹೇಬರು ಕೈ ಅಡ್ಡ ಹಾಕಿದರು. ಈ ತಿಂಗಳು ಅವರಿಗೆ ಪ್ರತಿಬಂಧಕ ವಿಭಾಗದ ಚಾರ್ಜು ಎಂದು ಆಮೇಲೆ ತಿಳಿಯಿತು. ಜಗಳೂರಿನಲ್ಲಿ ನನಗೆ ಬಹುವಚನವಿತ್ತು, ತ್ಯಾವಣಿಗೆಗೆ ಬರುವಷ್ಟರಲ್ಲಿ ಏಕವಚನವಾಗಿತ್ತು.

"ಇಂಜಿನ್ ಆರಿಸು. ಕೀ ಕೊಡು."

"ಸಾರ್, ಐದೇ ನಿಮಿಷ ಡೀಸೆಲ್‌ನಾಗೆ ಓಡಾಕೆ ಬಿಡ್ರಿ. ಹಂಗೇ ಆರಿಸಿದ್ರೆ ಪಂಪು ಕಟ್ಕೊಂತೈತೆ."

"ಸಾಕ್ಷಿ ತೊಳೆಯಾಕೆ ನೋಡ್ತೀಯೇನೋ?"

ಎಂದವರೇ ಕಿಟಕಿಯೊಳಗೆ ಕೈ ಹಾಕಿ ಕೀ ತಿರುಗಿಸಿ ಕಿತ್ತುಕೊಂಡರು. ಅಕ್ಕ ಮೋರಿ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದಳು. ಪಂಚನಾಮೆಯಲ್ಲಿ ಆಕೆಯ ಉಲ್ಲೇಖವಿಲ್ಲ; ಸ್ಟೆಪ್ನಿಯ ಉಲ್ಲೇಖವಿದೆ.

6. ಕಾರಿನಿಂದ ತೆಗೆದ ಎಣ್ಣೆಯ ಮಾದರಿಯನ್ನು ಇಂಧನದ ಪ್ರಯೋಗಾಲಯಕ್ಕೆ ಕಳಿಸಿದಿರಿ. ಇದು ತಿನ್ನುವ ಪದಾರ್ಥ ಎಂದು ವಾಪಸು ಬಂತು. ಆಹಾರದ ಪ್ರಯೋಗಾಲಯಕ್ಕೆ ಕಳಿಸಿದಿರಿ. ಟ್ಯಾಂಕಿನಲ್ಲಿದ್ದದ್ದು ಆಹಾರವಲ್ಲ ಎಂದು ವಾಪಸು ಬಂತು. ಹೀಗೆ ಅದು ಆಹಾರವೂ ಅಲ್ಲ, ಇಂಧನವೂ ಅಲ್ಲ ಎಂದಾದ ಮೇಲೆ, ನಾನು ಮಾಡಿದ ಅಪರಾಧವಾದರೂ ಯಾವುದು?

7. ಬಿಡುಗಡೆಗೆ ತಾವು ವಿಧಿಸಿರುವ ಷರತ್ತುಗಳು ಎರಡು. (ಅ) ಕಾರು ಡೀಸೆಲ್ಲಿನಲ್ಲೇ ಓಡುತ್ತದೆಂದು ಕಚೇರಿ ಆವರಣದಲ್ಲಿ ಓಡಿಸಿ ತೋರಿಸತಕ್ಕದ್ದು. (ಆ) ಜಪ್ತಿಯಾದ ವಾಹನದ ಒಂದು ನಟ್ಟನ್ನೂ ಬಿಚ್ಚತಕ್ಕದ್ದಲ್ಲ. ಮಾನ್ಯರೇ, ಪಂಪು ಬಿಚ್ಚಿ ತೊಳೆಯದೆ ಅದು ಸ್ಟಾರ್ಟ್ ಆಗುವುದಿಲ್ಲ. ಸ್ಟಾರ್ಟ್ ಆಗದೆ ಬಿಡುಗಡೆಯಿಲ್ಲ. ಬಿಡುಗಡೆಯಾಗದೆ ಬಿಚ್ಚುವಂತಿಲ್ಲ. ಹೆಪ್ಪುಗಟ್ಟಿದ ಎಣ್ಣೆ ಕರಗೀತು, ಬಿಸಿಲಿಗಾದರೂ ನಿಲ್ಲಿಸಿ ಎಂದು ಬೇಡಿಕೊಂಡರೆ, ತಮ್ಮ ಗುಮಾಸ್ತ ಸಣ್ಣತಿಮ್ಮಪ್ಪನವರು, "ಬಿಸ್ಲಿನ ಜಾಗದಾಗೆ ಹಪ್ಪಳ ಒಣಾಕೈತೆ ಮೈಲಾರಣ್ಣ" ಎಂದರು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದನ್ನು ಕೇಳಿದ್ದೆ. ತಾವು ಚಿವುಟಿದ್ದಲ್ಲದೆ ತೊಟ್ಟಿಲನ್ನೂ ಜಪ್ತಿ ಮಾಡಿದ್ದೀರಿ.

8. ಜಪ್ತಿಯಾದ ವಾರದ ಶುಕ್ರವಾರ ಅಕ್ಕ ಬಸ್ಸಿನಲ್ಲಿ ಹೋದಳು. ವಾಪಸು ಬರುವಾಗ ನಿಂತಲ್ಲೇ ಕುಸಿದಳು. ಮೊನ್ನೆ ಮಂಗಳವಾರ ಬರುವುದಿಲ್ಲವೆಂದು ಹಟ ಹಿಡಿದಳು. ಕಾಲು ಊದಿದೆ, ಮುಖ ಊದಿದೆ, ಮಲಗಿದರೆ ಉಸಿರು ಸಿಗುವುದಿಲ್ಲ. ವಿಚಾರಣೆ ಮುಂದಿನ ತಿಂಗಳು ಹದಿನೇಳಕ್ಕೆ ಎಂದು ನಾನು ಹೇಳಿದಾಗ, "ಕಾರಿಗೆ ಒಂದು ತಾರೀಖು ಕೊಟ್ಟಾರಲ್ಲ ತಮ್ಮಾ, ನಂಗೂ ಒಂದು ಕೇಳ್ಕಂಡು ಬಾ" ಎಂದಳು. ನನಗೆ ಭಯವಾಗಿದೆ. ಇದನ್ನು ಅರ್ಜಿಯ ಭಾಷೆಯಲ್ಲಿ ಹೇಗೆ ಬರೆಯಬೇಕೋ ತಿಳಿಯದೆ ಹೀಗೇ ಬರೆದಿದ್ದೇನೆ.

ಆದ್ದರಿಂದ, ಪಂಪು ಬಿಚ್ಚಲು ನನಗೆ ಒಂದು ಗಂಟೆ ಅಪ್ಪಣೆ ಕೊಟ್ಟು, ಕಾರನ್ನು ಬಿಟ್ಟುಕೊಡಬೇಕಾಗಿ ಕೋರುತ್ತೇನೆ. ಎಣ್ಣೆಯೇ ಬೇಡವೆಂದರೆ ಬಿಡುತ್ತೇನೆ; ಡೀಸೆಲ್ಲಿಗೆ ಹೆಂಡತಿಯ ಅಂಗಡಿಯ ಬಾಣಲೆ ಮಾರಿಯೇನು.

ಪ್ರಮಾಣಪತ್ರ ವಾಪಸು ಕೇಳುವವರೆಗೂ ತಮ್ಮ ವಿಶ್ವಾಸಿಯಾಗಿರುವ,
ಮೈಲಾರಿ

ಲಗತ್ತುಗಳು:
1. ಶಾಲು ಹೊದಿಸಿದ ಫೋಟೊ (ಸಾಹೇಬರು ನಗುತ್ತಿರುವುದನ್ನು ಗಮನಿಸುವುದು).
2. ಎರಡು ಪ್ರಯೋಗಾಲಯಗಳ ಉತ್ತರಗಳು.
3. ತಿಪ್ಪಮ್ಮನ ಆಸ್ಪತ್ರೆ ಚೀಟಿ.

ವಿ.ಸೂ.: ಹದಿನೇಳರ ಮುಂಚೆ ಕಾರು ಬಿಡಲು ನಿಯಮದಲ್ಲಿ ಅವಕಾಶವೇ ಇಲ್ಲವೆಂದಾದಲ್ಲಿ, ತಿಪ್ಪಮ್ಮನ ರಕ್ತದಲ್ಲಿ ಏರುತ್ತಿರುವ ವಿಷಕ್ಕೆ ಅಂದಿನವರೆಗೆ ಇದ್ದಲ್ಲೇ ಇರತಕ್ಕದ್ದೆಂದು ತಮ್ಮ ಕಚೇರಿಯಿಂದ ಒಂದು ತಡೆಯಾಜ್ಞೆ ಹೊರಡಿಸಿ, ದುಂಡು ಮೊಹರು ಹಾಕಿ ಕೊಡಬೇಕಾಗಿ ವಿನಂತಿ. ಆಕೆಗೆ ಓದಲು ಬರುವುದಿಲ್ಲ. ನಾನೇ ಓದಿ ಹೇಳುತ್ತೇನೆ.