ಭಾವನ ಪ್ಲಾಸ್ಟಿಕ್ಕಿಗೆ ಮೀನಂಗಡಿಯ ಐಸು

ಸಾಗರದ ಮೀನಂಗಡಿಯ ಮುಂದೆ ಆರು ವರ್ಷ ಸಾಲಿನಲ್ಲಿ ನಿಂತು, ಒಂದೇ ಒಂದು ಮೀನನ್ನೂ ಕೊಳ್ಳದೆ ಬಂದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಭಾವ! ಅಕ್ಕನ ಗಂಡ, ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಮನೆತನ. ಅವರು ಹೋಗುತ್ತಿದ್ದುದು ಐಸಿಗೆ.

ಕೂದಲು ನರೆತ ಮೇಲೆ ಭಾವನಿಗೆ ಪಿಎಚ್‌ಡಿ ಹುಚ್ಚು ಹಿಡಿಯಿತು. ಕರೆಂಟು ಹರಿಯುವ ಪ್ಲಾಸ್ಟಿಕ್ ತಯಾರಿಸುತ್ತಾರಂತೆ! ಅನಿಲಿನ್ ಎಂಬ ದ್ರವವನ್ನು ಆಸಿಡ್ಡಿಗೆ ಬೆರೆಸಿ, ಐಸಿನಲ್ಲಿಟ್ಟು, ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಅದು ನೀಲಿಯಾಗಿ, ಆಮೇಲೆ ಕಡುಹಸಿರಾಗಬೇಕು. ಬಿಸಿಯಾದರೆ ಕೆಲಸ ಕೆಟ್ಟಿತು. ಕಾಲೇಜಿನ ಫ್ರಿಜ್ಜೋ, ಬೇಸಿಗೆಯಲ್ಲಿ ನಮಗಿಂತ ಮೊದಲೇ ಬೆವರುತ್ತಿತ್ತು. ಹಾಗಾಗಿ ದಿನಾ ಬೆಳಿಗ್ಗೆ ಸ್ಟೀಲ್ ಡಬ್ಬ ಹಿಡಿದು ಖಾದರ್ ಸಾಹೇಬರ ಮೀನಂಗಡಿಗೆ!

ಸುದ್ದಿ ಬಸ್ಸು ಹತ್ತಿತು. ಹೊಸನಗರ ತಲುಪುವಾಗ ಭಾವ ಮೀನು ಕೊಳ್ಳುತ್ತಿದ್ದರು; ತೀರ್ಥಹಳ್ಳಿಯಲ್ಲಿ ಹುರಿದು ತಿನ್ನುತ್ತಿದ್ದರು; ಅರಳಸುರಳಿ ಮುಟ್ಟುವಷ್ಟರಲ್ಲಿ ಅಂಗಡಿಯ ಪಾಲುದಾರರೇ ಆಗಿದ್ದರು! ಅಲ್ಲಿಂದ ನಮ್ಮ ದೊಡ್ಡಪ್ಪ ವಿಚಾರಣೆಗೆ ಬಂದೇಬಿಟ್ಟರು.

“ಮೀನಂಗಡಿಲಿ ಎಂತದೋ ಪಾಲು ಇದ್ದಡ?”

“ಪಾಲು ಇಲ್ಲೆ. ಐಸು ಮಾತ್ರ ಇದ್ದು” ಎಂದರು ಭಾವ, ಹಸಿರು ಬಣ್ಣ ಹತ್ತಿದ ಕೈಯಲ್ಲೇ ಕಾಫಿ ಲೋಟ ಚಾಚುತ್ತ. ದೊಡ್ಡಪ್ಪ ಆ ಕಾಫಿ ಮುಟ್ಟಲಿಲ್ಲ.

ಅಕ್ಕನ ಕಾನೂನು ಇನ್ನೂ ಬಿಗಿ. ಡಬ್ಬ ಅಂಗಳ ದಾಟಿ ಒಳಗೆ ಬರುವಂತಿಲ್ಲ, ಭಾವ ಸೀದಾ ಬಚ್ಚಲಿಗೆ ಹೋಗಬೇಕು. ಒಮ್ಮೆ ಬೀದಿಯ ಲೈನ್‌ಮನ್‌ಗೂ ಭಾವ ತಮ್ಮ ಸಂಶೋಧನೆ ವಿವರಿಸಿದರು. ಅವನು ತನ್ನ ಇಕ್ಕಳದ ಪ್ಲಾಸ್ಟಿಕ್ ಹಿಡಿಯನ್ನೇ ನೋಡಿಕೊಂಡು, ದಯವಿಟ್ಟು ಅದೊಂದು ಮಾಡಬೇಡಿ ಎಂದು ಬೇಡಿಕೊಂಡನಂತೆ.

ಪ್ರಯೋಗ ಎಷ್ಟು ಸಲ ಕೆಟ್ಟಿತೋ! ಕೊನೆಗೊಂದು ಮಧ್ಯಾಹ್ನ ಹಸಿರು ಪುಡಿಯ ಬಿಲ್ಲೆಗೆ ತಂತಿ ಮುಟ್ಟಿಸಿದಾಗ ಪುಟ್ಟ ಬಲ್ಬು ಹತ್ತಿತು. ಭಾವ ಅದನ್ನು ಹಿಡಿದು ಓಡಿದ್ದು ಪ್ರಿನ್ಸಿಪಾಲರ ಕೋಣೆಗಲ್ಲ, ಮೀನಂಗಡಿಗೆ. ಸಾಹೇಬರು ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು, ಬಹಳ ಹೊತ್ತು ನೋಡಿದರಂತೆ.

ಡಿಗ್ರಿ ಬಂತು, ನಿವೃತ್ತಿಯೂ ಆಯಿತು. ಐಸು ತರುವುದು ಮಾತ್ರ ನಿಲ್ಲಲಿಲ್ಲ! ತಂದದ್ದನ್ನೆಲ್ಲ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದರು. ಇದೆಂತ ಹುಚ್ಚು ಎಂದು ನಾನೊಮ್ಮೆ ಕೇಳಿಯೇಬಿಟ್ಟೆ.

“ಆರು ವರ್ಷ ದಿನಾ ‘ಕರೆಂಟು ಹರೀತಾ ಮೇಷ್ಟ್ರೇ’ ಅಂತ ಕೇಳಿದವ್ರು ಖಾದರ್ ಸಾಹೇಬರೊಬ್ರೇ. ನನ್ನ ಕೆಲಸ ಮುಗೀತು, ಇನ್ನು ಬರಲ್ಲ ಅಂತ ಹೆಂಗೆ ಹೇಳದು?” ಎಂದರು ಭಾವ.

ಒಳಗೆ ತರಕಾರಿ ಹೆಚ್ಚುತ್ತಿದ್ದ ಅಕ್ಕನಿಗೂ ಅದು ಕೇಳಿಸಿತು.

ಕಳೆದ ಮಳೆಗಾಲದಲ್ಲಿ ಭಾವನಿಗೆ ಜೋರು ಜ್ವರ. ಬೆಳಿಗ್ಗೆ ಐಸಿಗೆಂದು ಎದ್ದವರು ಮತ್ತೆ ಮಲಗಿಬಿಟ್ಟರು. ಅಕ್ಕ ಕೊಡೆ ಬಿಚ್ಚಿದಳು, ಡಬ್ಬ ತೆಗೆದುಕೊಂಡು ಹೊರಟಳು. ಗಾಬರಿಯಿಂದ ನಾನೂ ಹಿಂದೆ ಓಡಿದೆ. ಮೀನಂಗಡಿಯ ಸಾಲಿನಲ್ಲಿ ನಿಂತ ಅವಳು ಮೂಗಿಗೆ ಸೆರಗನ್ನೂ ಹಿಡಿಯಲಿಲ್ಲ.

“ಅವರಿಗೆ ಜ್ವರ. ಎರಡು ದಿನ ಬರಕ್ಕಾಗಲ್ಲ” ಎಂದು ಡಬ್ಬ ಚಾಚಿದಳು.

ಸಾಹೇಬರು ಅವಳನ್ನೊಮ್ಮೆ ನೋಡಿ, ಐಸಿನ ಹೊಸ ಗಡ್ಡೆಯೊಂದನ್ನು ಒಡೆದು ತುಂಬಿಕೊಟ್ಟರು.

ಮನೆಗೆ ಬಂದವಳೇ ಅಕ್ಕ ಡಬ್ಬವನ್ನು ಮಂಚದ ಪಕ್ಕದಲ್ಲಿಟ್ಟುಕೊಂಡು ಕೂತಳು. ಕರಗಿದ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಭಾವನ ಹಣೆಯ ಮೇಲೆ ಹಾಕಿದಳು.