ತವರಿನಿಂದ ಬಂದ ಪ್ರಜಾಪ್ರಭುತ್ವ

ಪ್ರಜಾಪ್ರಭುತ್ವವನ್ನು ವಿಮಾನದಲ್ಲಿ ಹೊತ್ತೊಯ್ದು ಪರದೇಶಗಳ ಮೇಲೆ ಇಳಿಸುವ ಮಹಾಸೇನೆಯ ದಂಡನಾಯಕರಿಗೆ, ಜತ್ತ ತಾಲೂಕಿನ ಅಸಂಗಿ ಕಡೆಯ ಕುರಿಗಾರರ ವಸ್ತಿಯಿಂದ ಹಣಮವ್ವನ ಅನಂತ ಶರಣುಗಳು.

ಮಾನ್ಯರೇ,

ತಾವು ಮನೆಮಂದಿಯೊಂದಿಗೆ ಕ್ಷೇಮವೆಂದು ನಂಬಿದ್ದೇನೆ. ತಾವು ಬಿಡುಗಡೆ ಮಾಡಿದ ಊರುಗಳ ಮನೆಮಂದಿಯ ಕ್ಷೇಮ ಕೇಳುವುದು ಅಧಿಕಪ್ರಸಂಗವಾದೀತೆಂದು ಬಿಟ್ಟಿದ್ದೇನೆ.

ತಮ್ಮ ಕೀರ್ತಿ ಇಲ್ಲಿಗೂ ಮುಟ್ಟಿದೆ. ನನ್ನ ತಮ್ಮ ಬೀರು ಮುಚ್ಚಂಡಿ ಊರಿನ ಚಹಾದಂಗಡಿಯಲ್ಲಿ ಕುಳಿತು ಮೊಬೈಲಿನಲ್ಲಿ ತಮ್ಮ ಭಾಷಣ ಕೇಳಿದನಂತೆ. ಸ್ವಾತಂತ್ರ್ಯವಿಲ್ಲದವರಿಗೆ ಅದನ್ನು ಮುಟ್ಟಿಸುವುದು ಬಲವುಳ್ಳವರ ಧರ್ಮವೆಂದು ತಾವು ಅಪ್ಪಣೆ ಕೊಡಿಸಿದೊಡನೆ, ಆ ಬಲವುಳ್ಳವನು ತಾನೇ ಎಂದು ಅವನಿಗೆ ಹೊಳೆಯಿತು. ಸ್ವಾತಂತ್ರ್ಯವಿಲ್ಲದವರನ್ನು ಹುಡುಕಿಕೊಂಡು ಅವನು ದೂರ ಹೋಗಬೇಕಾಗಲಿಲ್ಲ, ಅಕ್ಕನನ್ನು ಕೊಟ್ಟ ವಸ್ತಿ ಪಕ್ಕದಲ್ಲೇ ಇತ್ತು.

ನಮ್ಮ ವಸ್ತಿಯ ದೋಷವನ್ನು ಮುಚ್ಚಿಡುವುದಿಲ್ಲ. ಪಂಚಾಯತಿಗೆ ನಾವೂ ಮತ ಹಾಕುತ್ತೇವೆ. ಆದರೆ ಕುರಿ ಎತ್ತ ಮೇಯಲು ಹೋಗಬೇಕು, ಬಾವಿಯ ನೀರಿನ ಪಾಳಿ ಯಾರದು ಎಂಬುದನ್ನೆಲ್ಲ ತೀರ್ಮಾನಿಸುವುದು ಹಿರಿಯರ ಸಭೆ, ಅದಕ್ಕೆ ನಾವು ದೈವ ಎನ್ನುತ್ತೇವೆ. ಕಟ್ಟೆಯ ಮೇಲೆ ಕರಿ ಕಂಬಳಿ ಹಾಸುತ್ತಾರೆ, ಅದರ ಮೇಲೆ ಕುಳಿತವರಿಗಷ್ಟೇ ಮಾತು, ಮತ್ತು ಹೆಂಗಸರು ಅದರ ಮೇಲೆ ಕೂರುವಂತಿಲ್ಲ. ಬಾವಿಯಿಂದ ನೀರು ಸೇದುವವರು ನಾವು, ಪಾಳಿ ಹಚ್ಚುವವರು ಅವರು. ಇದು ಅನ್ಯಾಯವೆಂದು ನಾನು ವರ್ಷಗಟ್ಟಲೆ ಕಟ್ಟೆಯ ಕೆಳಗೆ ನಿಂತು ಜಗಳಾಡಿದೆ, ಬೈಗುಳ ತಿಂದೆ, ಗಂಡನ ಮುನಿಸನ್ನೂ ನುಂಗಿದೆ. ಕಡೆಗೆ ಹಿರಿಯ ಗೊಲ್ಲಾಳಪ್ಪ ಮೆತ್ತಗಾಗಿ, "ಬರೂ ಅಮಾಸಿಗೆ ನೀನೂ ಕಂಬಳಿ ಮ್ಯಾಲ ಬಂದು ಕುಂದ್ರವಾ" ಎಂದಿದ್ದ.

ಅಮಾವಾಸ್ಯೆಗೆ ಮೊದಲೇ ತಮ್ಮ ಶಿಷ್ಯ ಬೀರು ಬಂದ. ತವರಿನವರು ಬಂದರೆ ಬುತ್ತಿ ತರುತ್ತಾರೆ, ಸೀರೆ ತರುತ್ತಾರೆ. ನನ್ನ ತವರಿನವರು ಒಂದು ಟ್ರ್ಯಾಕ್ಟರ್ ತುಂಬ ಪ್ರಜಾಪ್ರಭುತ್ವ ತಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಡಿಗೆ, ನಡುವೆ ಮತ ಹಾಕಲು ಒಂದು ಎಣ್ಣೆಯ ಡಬ್ಬಿ. ಹಿರಿಯರನ್ನು ಕಟ್ಟೆಯಿಂದ ಎಳೆದು ಹಾಕಿದರು, ಕಂಬಳಿಯನ್ನು ಹರಿದರು, ಗೊಲ್ಲಾಳಪ್ಪನ ಮುಂಗೈ ಮುರಿಯಿತು. ಆಮೇಲೆ ನಮ್ಮನ್ನೆಲ್ಲ ಸಾಲು ನಿಲ್ಲಿಸಿ, ಮನಸ್ಸಿಗೆ ಬಂದವರಿಗೆ ನಿರ್ಭಯವಾಗಿ ಮತ ಹಾಕಿರೆಂದು ಬಡಿಗೆ ಕುಟ್ಟಿ ಹೇಳಿದರು.

ಭಾರಿ ಬಹುಮತದಿಂದ ಆರಿಸಿ ಬಂದವನು ಬೀರುವಿನ ಗೆಳೆಯ, ನೀರಿನ ಟ್ಯಾಂಕರಿನ ನಾಗನಾಥ. ನಮ್ಮ ಬಾವಿಯ ಅರ್ಧ ನೀರು ನನ್ನ ತವರಿಗೆ ಎಂಬುದು ಅವನ ಮೊದಲ ಜನಪರ ತೀರ್ಮಾನ. ಬಾವಿಗೂ ಬಿಡುಗಡೆಗೂ ಏನೇನೂ ಸಂಬಂಧವಿಲ್ಲವೆಂದು ಬೀರು ಆಣೆ ಮಾಡಿ ಹೇಳಿದ್ದಾನೆ. ಇಂಥ ಆಣೆಗಳಲ್ಲಿ ಪಳಗಿದ ತಾವಾದರೂ ಅದನ್ನು ನಂಬಬೇಕು.

ಕೈಗೆ ಪಟ್ಟಿ ಕಟ್ಟಿಕೊಂಡ ಗೊಲ್ಲಾಳಪ್ಪನನ್ನು ನೋಡಲು ಹೋಗಿದ್ದೆ. ಅವನು ಬೈಯಲಿಲ್ಲ. "ನಿನ್ನ ಮಾತು ಖರೇ ಇತ್ತವಾ. ಆದರ ಇನ್ನ ನೀ ಬಾಯಿ ತಗದ್ರ ನಿನ್ನ ತವರಮನಿ ಬಡಿಗಿ ಮಾತಾಡಿಧಂಗ ಕೇಳ್ತದ" ಎಂದ. ಮಾನ್ಯರೇ, ಅಂದು ನಾನು ಅತ್ತುಬಿಟ್ಟೆ. ನನ್ನ ಜೊತೆ ನಿಂತು ವಾದಿಸುತ್ತಿದ್ದ ಚನ್ನವ್ವನೂ ಈಗ ನನ್ನನ್ನು ಕಂಡರೆ ಕೊಡ ಎತ್ತಿಕೊಂಡು ಬೇರೆ ದಾರಿ ಹಿಡಿಯುತ್ತಾಳೆ.

ಆದ್ದರಿಂದ ಸಣ್ಣ ಬೇಡಿಕೆಗಳು. ಮುಂದೆ ಯಾವ ದೇಶವನ್ನು ಬಿಡುಗಡೆ ಮಾಡುವ ಮನಸ್ಸಾದರೂ, ಬಾಂಬು ಬೇಕೋ ಬೇಡವೋ ಎಂದು ಅದು ಬೀಳುವ ಊರಿನವರ ಮತವನ್ನು ಮೊದಲು ಕೇಳಬೇಕು. ಬಿದ್ದ ಮೇಲೆ ಕೇಳುವುದಾದರೆ, ಸತ್ತವರೂ ಬಂದು ಮತ ಹಾಕುವ ಏರ್ಪಾಟಾಗಬೇಕು. ಅಲ್ಲಿಯೂ ಯಾವಳೋ ಒಬ್ಬಳು ಕಟ್ಟೆಯ ಕೆಳಗೆ ನಿಂತು ಜಗಳಾಡುತ್ತಿರುತ್ತಾಳೆ. ದಯವಿಟ್ಟು ಅವಳ ಸಹಾಯಕ್ಕೆ ಹೋಗಬೇಡಿ.

ಬಿಡುಗಡೆಯ ಪೆಟ್ಟಿನಿಂದ ಇನ್ನೂ ಚೇತರಿಸಿಕೊಳ್ಳುತ್ತಿರುವ,
ತಮ್ಮ ವಿಶ್ವಾಸಿ
ಹಣಮವ್ವ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಬೀರು ಬಂದು ಬಾಗಿಲಲ್ಲೇ ನಿಂತು ಹೇಳಿ ಹೋದ: "ಅಕ್ಕಾ, ನಾಳಿ ಹೆಣ್ಮಕ್ಕಳ ಹಕ್ಕು ತರಾಕ ಬರ್ತೀವಿ. ಗದ್ದಲ ಆಗ್ತದ, ಹೆಣ್ಮಕ್ಕಳು ಯಾರೂ ಹೊರಗ ಬರಬ್ಯಾಡ್ರಿ."