ಒಂಬತ್ತು ಹಾಡಿನ ತಕರಾರು

ನಾನು ಯಾರನ್ನೂ ಸುಮ್ಮನೆ ಹೊಗಳುವವನಲ್ಲ. ಅದಕ್ಕೇ ಏನೋ, ಹೊಗಳಿಕೆಯ ಪಂಚಾಯ್ತಿಗಳೆಲ್ಲ ನನ್ನ ಬಾಗಿಲಿಗೇ ಬರುತ್ತವೆ. ಈ ಸಲ ಬಂದದ್ದು ಒಂದು ರಾಕ್ ಆಲ್ಬಮ್ಮು.

ನಾನಿರುವುದು ಬಸವಕಲ್ಯಾಣದಲ್ಲಿ, ಇಂಗ್ಲಿಷ್ ಕಲಿಸುವುದು ಹುಮನಾಬಾದಿನ ಶಾಲೆಯಲ್ಲಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೂವರು ಗೆಳೆಯರನ್ನು ಕೂಡಿಸಿಕೊಂಡು, ಯಾವ ಕಂಪನಿಯ ಹಂಗೂ ಇಲ್ಲದೆ ಒಂಬತ್ತು ಹಾಡು ಮಾಡಿ ಇಂಟರ್ನೆಟ್ಟಿಗೆ ಬಿಟ್ಟ. ದೊಡ್ಡ ಊರಿನವರು ‘ಹೊಸ ಪೀಳಿಗೆಯ ದನಿ’ ಎಂದು ಬರೆದರು. ಹುಮನಾಬಾದು ಕುಣಿಯಿತು. ಮಾಣಿಕನಗರದಲ್ಲಿ ಪೈಪು-ಮೋಟರಿನ ಅಂಗಡಿ ಇಟ್ಟಿರುವ ಅವನಪ್ಪ ಮಾತ್ರ ಕುಣಿಯಲಿಲ್ಲ. ನೇರ ನನ್ನ ಬಳಿ ಬಂದರು.

“ಸರ್, ಎಲ್ಲಾರೂ ಜಬರ್ದಸ್ತ್ ಅದ ಅಂತಾರ. ನಂಗ ಭರೋಸಾ ಇಲ್ಲ. ನೀವು ಸುಳ್ಳು ಹೇಳಂಗಿಲ್ಲ. ಛಂದ ಅದ ಅಂತ ನೀವಂದ್ರ ಹಾಡ್ಕೋತ ಇರ್ಲಿ. ಇಲ್ಲಂದ್ರ ಸೋಮವಾರದಿಂದ ಅಂಗಡ್ಯಾಗ ಕುಂತು ಪೈಪ್ ಅಳೀಲಿ.”

ಒಂಬತ್ತನ್ನೂ ಪೂರ್ತಿ ಕೇಳದೆ ಬಾಯಿ ಬಿಡುವುದಿಲ್ಲ, ಭಾನುವಾರ ಅಂಗಡಿಗೇ ಬಂದು ಹೇಳುತ್ತೇನೆ ಎಂದೆ.

ಚಹಾದಂಗಡಿ

ಚಹಾದಂಗಡಿಯಲ್ಲಿ ಆಲ್ಬಮ್ಮಿನ ಗುಣಗಾನ ಜೋರಾಗಿತ್ತು. ಎಲ್ಲರಿಗಿಂತ ಜೋರಾಗಿ ಹೊಗಳುತ್ತಿದ್ದವನನ್ನು ಕೇಳಿದೆ: “ಯಾವ ಹಾಡು ಹಿಡಿಸಿತಪ್ಪಾ?”

“ಎಲ್ಲಾನೂ ಅವ್ವಲ್ ಅವರಿ ಸರ್.”

“ಒಂದು ಸಾಲು ಹೇಳು ನೋಡೋಣ.”

ಅವನು ತಲೆ ಕೆರೆದುಕೊಂಡ.

“ಅಂದರೆ ನೀನು ಕೇಳೇ ಇಲ್ಲ?”

“ಕೇಳೂದ್ಯಾಕ್ರಿ ಸರ್?” ಎಂದ, ನನ್ನ ಅಜ್ಞಾನಕ್ಕೆ ಮರುಗುತ್ತ. “ಸ್ಟೇಟಸ್ ಇಟ್ಟೀನಲ್ಲ!”

ಕಲ್ಯಾಣದ ಬಸ್ಸು

ಸಂಜೆ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಪರೀಕ್ಷಕನ ಗಾಂಭೀರ್ಯದಿಂದ ಮೊದಲ ಹಾಡು ಹಚ್ಚಿದೆ. ಮೂರು ನಿಮಿಷ ಬರೀ ಗಿಟಾರು. ಆಮೇಲೆ ಹುಡುಗ ಕಿರುಚಿದ. ಮತ್ತೂ ಕಿರುಚಿದ. ಕಣ್ಣು ತೆರೆದರೆ ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ಇಯರ್‌ಫೋನಿನ ಪಿನ್ನು ಮೊಬೈಲಿಂದ ಕಿತ್ತು ನನ್ನ ತೊಡೆಯ ಮೇಲೆ ಬಿದ್ದಿತ್ತು.

ಪಕ್ಕದ ಸೀಟಿನ ಅಜ್ಜಿ ನನ್ನ ತೋಳು ಹಿಡಿದಳು. “ಯಪ್ಪಾ, ಯಾರದ ಫೋನು? ಭಾಳ ಒದ್ದಾಡಾಕತ್ತಾನಲ್ಲೋ. ಪೆಟ್ಟಾಗ್ಯಾದೇನು?”

“ಇಲ್ಲವ್ವಾ, ಹಾಡು.”

“ಹಾಡೋ ಟೈಮೇನೋ ಇದು? ಮದ್ಲ ದವಾಖಾನಿಗಿ ಹೋಗಂತ ಹೇಳು ಅವಗ!”

ಮನೆ

ಶನಿವಾರ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಂಬತ್ತನ್ನೂ ಕೇಳಿದೆ. ಐದು ಹಾಡಿನಲ್ಲಿ ಬರೀ ಕಡಲು, ಅಲೆ, ದೋಣಿ. ಹುಮನಾಬಾದಿನ ಹುಡುಗನಿಗೆ ಕಡಲೆಲ್ಲಿ ಕಂಡಿತು? ಎರಡು ಹಾಡಿನಲ್ಲಿ ಯಾವುದೋ ಮಹಾನಗರದ ಒಂಟಿತನ. ಇವನೋ ಹನ್ನೊಂದು ಜನರ ಮನೆಯಲ್ಲಿ ಬೆಳೆದವನು. ಬಚ್ಚಲಿಗೆ ಹೋದರೂ ಹೊರಗೆ ಯಾರಾದರೊಬ್ಬರು ಬಾಗಿಲು ಬಡಿಯುತ್ತಿರುತ್ತಾರೆ. ಆದರೆ ಎರಡು ಹಾಡು ಬೇರೆಯಾಗಿದ್ದವು. ಒಂದು, ಹಳ್ಳಿಖೇಡದ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದ ಬೈಕಿನದು. ಇನ್ನೊಂದು, ಮನ್ನಾಏಖೇಳ್ಳಿಯಲ್ಲಿ ಬಸ್ಸು ತಪ್ಪಿಸಿಕೊಂಡ ಹುಡುಗಿಯದು. ಅವಕ್ಕೆ ನನ್ನ ಕಾಲು ನನ್ನ ಅಪ್ಪಣೆ ಇಲ್ಲದೆ ತಾಳ ಹಾಕಿತು.

“ಛಂದ ಅದ ಅಂದುಬಿಡ್ರಿ. ನಿಮ್ಮ ಗಂಟೇನ್ ಹೋಗ್ತದ?” ಎಂದಳು ಹೆಂಡತಿ.

“ಏಳು ಹಾಡು ಚೆನ್ನಾಗಿಲ್ಲ. ಹೇಗೆ ಅನ್ನಲಿ?”

“ನನ್ನ ಪುಂಡಿಪಲ್ಯಾ ಇಷ್ಟು ವರ್ಷದಾಗ ಒಮ್ಮ್ಯಾರ ಛಂದ ಅಂದೀರೇನು?”

“ಸುಮ್ಮನೆ ಉಂಡು ಏಳುತ್ತೇನಲ್ಲ. ಅದೇ ಹೊಗಳಿಕೆ.”

“ಹಂಗಾರ ನಾಳಿ ಅಲ್ಲೂ ಸುಮ್ಮನ ಉಂಡು ಎದ್ದು ಬರ್ರಿ. ಪಾಪ, ಹುಡುಗ ಉಳಕೋತಾನ!”

ತೀರ್ಪು

ಭಾನುವಾರ ಪೈಪಿನಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಮಂದಿ, ಓಣಿಯವರು, ಮೂಲೆಯಲ್ಲಿ ಬ್ಯಾಂಡಿನ ನಾಲ್ವರು. ಹಾಡುವ ಹುಡುಗ ನೆಲ ನೋಡುತ್ತ ನಿಂತಿದ್ದ.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ಈ ಆಲ್ಬಮ್ ಜನ ಹೊಗಳುವಷ್ಟೇನೂ ಇಲ್ಲ. ಎರಡು ಹಾಡು ನಿಜಕ್ಕೂ ಒಳ್ಳೆಯವು. ಉಳಿದದ್ದು ಕಂಡವರ ದುಃಖವನ್ನು ಕಡ ತಂದು ಕೂಗಿದ್ದು. ನೂರಕ್ಕೆ ಮೂವತ್ತೆಂಟು ಕೊಡಬಹುದು.”

ಹುಡುಗನ ಮುಖ ಬಿತ್ತು. ಅಪ್ಪ ಮೆಲ್ಲಗೆ ಎದ್ದು ನಿಂತರು.

“ಎಷ್ಟಂದ್ರಿ ಸರ್?”

“ಮೂವತ್ತೆಂಟು.”

“ನಿಮ್ಮ ಕೈಯಾಗ?”

“ಹೌದು.”

“ಅಂದ್ರ… ಪಾಸ್!” ಅವರು ಓಣಿಯವರ ಕಡೆ ತಿರುಗಿದರು. “ಏ, ಪಾಸಾದನಲ್ಲೋ! ಇವನ ಅಣ್ಣಗ ನೀವು ಹದಿನಾಲ್ಕು ಕೊಟ್ಟಿದ್ರಿ. ಕಾಕಾನ ಮಗಗ ಒಂಬತ್ತು. ನಮ್ಮ ಮನಿತನದಾಗ ನಿಮ್ಮ ಕೈಯಾಗ ಪಾಸಾದಾವ ಇವನೊಬ್ಬನೇ! ಯಾರಲ್ಲಿ, ಪೇಢಾ ತರ್ರಿ!”

ಓಣಿಯವರು ಕೇಕೆ ಹಾಕಿದರು. ಡ್ರಮ್ಮಿನ ಹುಡುಗ ಸಿಕ್ಕ ಪೈಪನ್ನೇ ಬಾರಿಸತೊಡಗಿದ. “ಇದು ಹೊಗಳಿಕೆಯಲ್ಲ, ಕೇಳಿ ಇಲ್ಲಿ” ಎನ್ನಹೋದೆ. ಬಾಯಿಗೆ ಪೇಢಾ ಬಿತ್ತು. ಅದನ್ನು ನುಂಗುವಷ್ಟರಲ್ಲಿ ಕೊರಳಿಗೆ ಹಾರವೂ ಬಿತ್ತು.

ಗದ್ದಲ ಇಳಿದ ಮೇಲೆ ಅಪ್ಪ ಮಗನ ಕಡೆ ತಿರುಗಿ ಗಂಭೀರರಾದರು.

“ಸೋಮವಾರ ಅಂಗಡಿಗಿ ಬರಬ್ಯಾಡ. ಫೇಲಾದವು ಏಳು ಅವಲ್ಲ, ಅವನ್ನ ಸಪ್ಲಿಮೆಂಟರಿ ಕಟ್ಟು. ದಿನಾ ಸಂಜಿಕ ಗಿಟಾರ್ ತಗೊಂಡು ನಾಲ್ಕೂ ಮಂದಿ ಸರ್ ಮನೀಗಿ ಟ್ಯೂಷನ್‌ಗೆ ಹೋಗ್ರಿ!”